ಅಕ್ಕನನ್ನೂ ಕರೆತರಬೇಕಂತೆ

ಅಕ್ಕಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಆದರೂ ನಿನಗೇ ಬರೆಯುತ್ತಿದ್ದೇನೆ.

ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ನನ್ನ ಮೈಯಲ್ಲಿ ರಕ್ತ ಹೆಚ್ಚುತ್ತಿಲ್ಲ. ಹೊಟ್ಟೆನೋವಿಲ್ಲ, ಭೇದಿಯಿಲ್ಲ, ಬರೀ ಸುಸ್ತು. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇರಬಹುದು, ರಕ್ತ ಪರೀಕ್ಷೆ ಮಾಡೋಣ ಎಂದು ಇವತ್ತು ಡಾಕ್ಟರಮ್ಮ ಹೇಳಿದರು. ಗೋಧಿಯಿಂದಲೇ ಸುಸ್ತು ಎಂದ ನಮ್ಮ ಬೇಕರಿಯ ಮೇಸ್ತ್ರಿಯ ಮಾತು ಕೇಳಿ ತಿಂಗಳಿಂದ ಬ್ರೆಡ್ಡು, ಚಪಾತಿ ಯಾವುದನ್ನೂ ಮುಟ್ಟಿಲ್ಲ ಎಂದೆ.

“ಅಯ್ಯೋ ಜಾಣ! ಗೋಧಿ ಬಿಟ್ರೆ ಪರೀಕ್ಷೇಲಿ ಕಾಯಿಲೆ ಗೊತ್ತಾಗದೇ ಹೋಗಬಹುದು. ಆರು ವಾರ ದಿನಾ ತಿಂದು ಬಾ. ಮನೇಲಿ ಇನ್ಯಾರಿಗಾದ್ರೂ ಹೀಗೆ ಸುಸ್ತಿತ್ತಾ?”

ನೀನು ಮೆಟ್ಟಿಲ ಮೇಲೆ ಅರ್ಧದಲ್ಲೇ ಕೂತುಬಿಡುತ್ತಿದ್ದುದನ್ನು ಹೇಳಿದೆ. “ನಾಟಕ ಸಾಕು, ಏಳೇ ಸೋಮಾರಿ” ಎಂದು ನಾನು ಮೇಲಿನಿಂದ ಕೂಗುತ್ತಿದ್ದುದನ್ನೂ ಹೇಳಿದೆ.

“ನಿಂಗೆ ಹೌದಾದ್ರೆ ಅಕ್ಕಂಗೂ ಪರೀಕ್ಷೆ ಆಗ್ಬೇಕು. ಕರ್ಕೊಂಡು ಬಾ.”

ಶಾಲೆ ಬಿಟ್ಟು ಬೇಕರಿ ಕೆಲಸಕ್ಕೆ ಸೇರಿದಾಗಲೂ ನಾನು ಮನೆಯಲ್ಲಿ ಸುಳ್ಳು ಹೇಳಿದವನಲ್ಲ. ಇವತ್ತು ಮಾತ್ರ “ಆಗ್ಲಿ” ಎಂದು ಎದ್ದು ಬಂದೆ.