ಅಕ್ಕನ ಕೈ, ಇಪ್ಪತ್ತೆಂಟರ ಲೆನ್ಸು

ಜುಲೈ 5, ಶನಿವಾರ

ಹತ್ತಿ ಮಾರ್ಕೆಟ್ ಯಾರ್ಡಿಗೆ ಹೋಗಿ ಬಂದೆ. ಅಂಗಡಿಯಲ್ಲಿ ಮಗ ಕೂರುತ್ತಾನೆ, ನನಗೆ ಕೆಲಸವಿಲ್ಲ. ಆದರೂ ಹೋಗದಿದ್ದರೆ ತಿಂದದ್ದು ಕರಗುವುದಿಲ್ಲ. ಸೀಸನ್ ಅಲ್ಲ, ಹತ್ತಿ ಬಂದದ್ದು ನಾಲ್ಕೇ ಗಾಡಿ. ಎಳೆ ಎಳೆದು ನೋಡಿ ಒಂದು ಹಿಡಿ ಜೇಬಿಗೆ ಹಾಕಿಕೊಂಡೆ — ನಲವತ್ತು ವರ್ಷದ ಚಟ. ಅಂಗಿ ಒಗೆಯುವಾಗ ಗುರುಶಾಂತಮ್ಮ ಬೈಯುತ್ತಾಳೆ. ಹೆಂಡತಿ ಅಂದಮೇಲೆ ಅಷ್ಟೂ ಇರಬೇಕು.

ಮಧ್ಯಾಹ್ನ ಆಲೂರಿನಿಂದ ಅಕ್ಕನ ಫೋನ್. ಪಂಚಮಿಗೆ ಬರುತ್ತಾಳಂತೆ. ಎಂಬತ್ತು ತುಂಬಿತು, ನಮ್ಮ ಅಕ್ಕನಾಗಮ್ಮ ಇನ್ನೂ ಒಂದು ಪಂಚಮಿಗೂ ತವರು ತಪ್ಪಿಸಿಲ್ಲ. ಉಂಡಿಗೆ ಬೆಲ್ಲ ಎಷ್ಟು, ಶೇಂಗಾ ಎಷ್ಟು ಎಲ್ಲ ಹೇಳಿ, ಫೋನ್ ಇಡುವ ಮುಂಚೆ ಹಳೇ ರಾಗ ತೆಗೆದಳು. "ನಿನ್ನ ಮದುವಿ ಮಾಡಿದಾಕಿ ನಾನು. ಫೋಟೋದಾಗ ನೋಡಿದ್ರ ನನ್ನ ಕೈ ಒಂದ ಐತಿ."

ನಿಜ. 1984. ಇದೇ ಅಂಗಳ. ಫೋಟೋದವನ ಬೆನ್ನು ಗೋಡೆಗೆ ತಾಗಿತು, ಇನ್ನು ಹಿಂದೆ ಹೋಗಲು ಜಾಗವಿಲ್ಲ. ಸಾಲಿನ ತುದಿಯಲ್ಲಿ ಆರತಿ ತಟ್ಟೆ ಹಿಡಿದ ಹಸಿರು ಬಳೆಯ ಕೈ — ಅಷ್ಟೇ ಅಕ್ಕ. ಅವ್ವ ಸತ್ತಾಗ ನನಗೆ ಐದು ವರ್ಷ. ಸಾಕಿದವಳು ಅವಳು. ಹೆಣ್ಣು ನೋಡಿದವಳೂ ಅವಳೇ. ಪಡಸಾಲೆಯಲ್ಲಿ ಆ ಫೋಟೋ ಕಂಡಾಗೆಲ್ಲ ಮೊದಲು ಆ ತುದಿಯನ್ನೇ ನೋಡುತ್ತೇನೆ.

ಈ ಸಲ ಅದೇ ಜಾಗ, ಅದೇ ಥರ ರೀಲಿನ ಕ್ಯಾಮೆರಾ, ಅಕ್ಕ ಪೂರ್ತಿ ಬರಬೇಕು. ತೀರ್ಮಾನ.

ಜುಲೈ 6, ಭಾನುವಾರ

ಸೊಸೆ ಶೋಭಾರಾಣಿ ಫೋನ್ ತೋರಿಸಿ ನಕ್ಕಳು — ವೈಡ್ ಇದರಲ್ಲೇ ಇದೆಯಲ್ಲ ಮಾವ, ರೀಲು ಯಾಕೆ ಎಂದು. ಫೋನಿನದನ್ನು ಅಕ್ಕ ಫೋಟೋ ಎಂದೇ ಒಪ್ಪುವುದಿಲ್ಲ, ಬೆರಳಿನಿಂದ ತಳ್ಳಿದರೆ ಓಡಿಹೋಗುವಂಥದು ಎನ್ನುತ್ತಾಳೆ. ಸೊಸೆಗೆ ಅಷ್ಟು ಹೇಳಿದೆ. ನಿಜ ಹೇಳಬೇಕೆಂದರೆ... ನನಗೂ ಹುಡುಗನಾಗಿದ್ದಾಗಿನಿಂದ ಕ್ಯಾಮೆರಾ ಹುಚ್ಚು. ಅದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಜುಲೈ 9, ಬುಧವಾರ

ನರಸಣ್ಣನ ಮನೆ. ಫೋಟೋ ಸ್ಟುಡಿಯೋ ಮುಚ್ಚಿ ಹನ್ನೆರಡು ವರ್ಷ, ಆದರೂ ಕ್ಯಾಮೆರಾಗಳನ್ನು ಟ್ರಂಕಿನಲ್ಲಿ ಮಕ್ಕಳ ಹಾಗೆ ಮಲಗಿಸಿಟ್ಟಿದ್ದಾನೆ. ಮೊದಲು ಪೆಂಟಾಕ್ಸ್ ಕೆ1000 ಕೊಟ್ಟ. ತಕ್ಕಡಿ ಕಲ್ಲಿನಷ್ಟು ಗಟ್ಟಿ. ಮನಸೋತೆ. ಇದೇ ಇರಲಿ ಎನ್ನುವಷ್ಟರಲ್ಲಿ, "ಇದಕ್ಕ ಟೈಮರ್ ಲೇದು ಸಾವ್ಕಾರ್ರ. ನೀವೂ ಫೋಟೋದಾಗ ಬರಬೇಕಲ್ಲ?" ಅಂದ.

ಟೈಮರ್ ಇಲ್ಲದಿದ್ದರೆ ನಾನು ಬರುವುದಿಲ್ಲ, ಅದು ತಲೆಗೇ ಹೊಳೆದಿರಲಿಲ್ಲ. ಆಮೇಲೆ ನಿಕಾನ್ ಎಫ್‌ಎಂ. ಮುಂದೆ ಒಂದು ಸಣ್ಣ ಕಡ್ಡಿ. ತಿರುಗಿಸಿ ಬಿಟ್ಟರೆ ಹತ್ತು ಸೆಕೆಂಡು ಕರ್ರ್ ಅಂದು ಕೊನೆಗೆ ಟಪ್. ಆರು ಸಲ ಮಾಡಿ ನೋಡಿದೆ. ನರಸಣ್ಣನ ಹೆಂಡತಿ ಚಹಾ ಇಟ್ಟು ನಕ್ಕು ಹೋದಳು.

ಲೆನ್ಸು ಮೂರು. 35, 28, 24. ನಂಬರ್ ಇಳಿದಷ್ಟೂ ಅಗಲ ಜಾಸ್ತಿ. ಹತ್ತಿಯಲ್ಲಿ ಎಳೆಯ ನಂಬರ್ ಏರಿದಷ್ಟೂ ಒಳ್ಳೆಯದು, ಇಲ್ಲಿ ಉಲ್ಟಾ. ಮನೆಯಲ್ಲಿ ಹಾಕಿ ನೋಡಿ ಎಂದು ಮೂರನ್ನೂ ಕೊಟ್ಟು ಕಳಿಸಿದ. ಪುಣ್ಯಾತ್ಮ.

ಜುಲೈ 10, ಗುರುವಾರ

ಅಂಗಳದಲ್ಲಿ ಟ್ರಯಲ್. ಗೋಡೆಗೆ ಬೆನ್ನು ಹಚ್ಚಿ ನಿಂತೆ. ಎದುರಿಗೆ ಮನೆಮಂದಿಯನ್ನೆಲ್ಲ, ಸಾಲದ್ದಕ್ಕೆ ಪಕ್ಕದ ಮನೆಯವರನ್ನೂ ಸಾಲಾಗಿ ನಿಲ್ಲಿಸಿದೆ. 35 — ತುದಿಯವರಿಗೆ ಕಿವಿಯ ಹತ್ತಿರ ಕತ್ತರಿ. 24 — ಎಲ್ಲರೂ ಬಂದರು, ನೀರಿನ ಡ್ರಮ್ಮೂ ಬಂತು. ಆದರೆ ತುದಿಯಲ್ಲಿ ನಿಂತವರು ಅಡ್ಡಡ್ಡ ಹಿಗ್ಗುತ್ತಾರೆ. ತುದಿಯಲ್ಲಿ ಗುರುಶಾಂತಮ್ಮ ಇದ್ದಳು. ಕಂಡದ್ದನ್ನು ಬಾಯಿಬಿಟ್ಟು ಹೇಳಿದೆ. ಮಧ್ಯಾಹ್ನ ರೊಟ್ಟಿ ತಣ್ಣಗಿತ್ತು.

28 — ಎಲ್ಲರೂ ಹಿಡಿಸಿದರು, ಹಿಗ್ಗುವುದೂ ಕಡಿಮೆ. ಆದರೆ ಎರಡೂ ತುದಿಗೆ ಉಳಿದದ್ದು ಒಂದೊಂದು ಗೇಣು. ಗೇಣು ಸಾಕೆ? ಅಕ್ಕನ ವಿಷಯದಲ್ಲಿ ಗೇಣನ್ನು ನಂಬಲು ಧೈರ್ಯ ಸಾಲದು. 24 ತಗೊಳ್ಳುವುದೇ ಲೇಸು.

ಜುಲೈ 11, ಶುಕ್ರವಾರ

ಎಡವಟ್ಟಾಯಿತು. ವಾಪಸ್ ಕೊಡುವ ಮುಂಚೆ 28ರ ಗಾಜಿನ ಮೇಲೆ ನನ್ನ ಹೆಬ್ಬೆರಳಿನ ಗುರುತು ಕಂಡೆ. ಜೇಬಿನಲ್ಲಿ ಹತ್ತಿ ಇತ್ತಲ್ಲ... ಹತ್ತಿಗಿಂತ ಮೆತ್ತನೆಯದು ಏನಿದೆ ಎಂದು ಅದರಿಂದಲೇ ಉಜ್ಜಿದೆ. ಹತ್ತಿಯೊಳಗೆ ಒಂದು ಚೂರು ಒಣ ಸಿಪ್ಪೆ ಇತ್ತು. ಗಾಜಿನ ಮೇಲೆ ಕೂದಲೆಳೆಯಂಥ ಗೀರು. ಹತ್ತಿಯಲ್ಲಿ ಕಸ ಇದೆ ಎಂದು ನಲವತ್ತು ವರ್ಷ ರೈತರನ್ನು ಬೈದವನು ನಾನು.

ನರಸಣ್ಣ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬೈಯಲಿಲ್ಲ, ಅದೇ ಕಷ್ಟವಾಯಿತು. ಗೀರು ಫೋಟೋದಲ್ಲಿ ಬೀಳುವುದಿಲ್ಲ, ನಿಮಗೆ ಬೇಕಾದ್ದು 24 ತಾನೆ, ಅದನ್ನೇ ಒಯ್ಯಿರಿ ಎಂದ. ಗೀರು ಹಾಕಿದ್ದನ್ನು ವಾಪಸ್ ಕೊಟ್ಟು ಒಳ್ಳೆಯದನ್ನು ತರುವುದೇ? ಮಾನ ಮರ್ಯಾದೆ ಬೇಡವೇ? ದುಡ್ಡು ಕೊಟ್ಟೆ, 28 ನನ್ನದಾಯಿತು. ಗೇಣನ್ನೇ ನಂಬಬೇಕು.

ರೀಲು ಹೈದರಾಬಾದಿನಿಂದ ಬರಬೇಕು. ಒಂದು ಹೇಳಿದ್ದೇನೆ.

ಜುಲೈ 24, ಗುರುವಾರ

ರೀಲು ಬಂದು ಐದು ದಿನ. ಪ್ರಾಕ್ಟೀಸ್ ಜೋರು. ಯಾರ್ಡಿನ ಹಮಾಲರು, ಕೋಟೆ ಗುಡ್ಡ, ಮೊಮ್ಮಗಳ ಹಲ್ಲು ಬಿದ್ದ ಬಾಯಿ, ಗುರುಶಾಂತಮ್ಮ ಸಿಟ್ಟಾಗಿರುವುದು, ಗುರುಶಾಂತಮ್ಮ ಇನ್ನೂ ಸಿಟ್ಟಾಗಿರುವುದು... ಇಷ್ಟು ಖುಷಿಯಾಗಿ ಎಷ್ಟು ದಿನವಾಗಿತ್ತೋ.

ಜುಲೈ 29, ಮಂಗಳವಾರ, ಪಂಚಮಿ

ಅಕ್ಕ ನಿನ್ನೆಯೇ ಬಂದಳು. ಬೆಳಿಗ್ಗೆ ಅಂಗಳದ ಜೋಕಾಲಿಯಲ್ಲಿ ಕೂತು, ಇನ್ನೂ ಜೋರಾಗಿ ತೂಗು ಎಂದು ಸೊಸೆಗೆ ಜಬರದಸ್ತು ಮಾಡಿದಳು.

ಎಲ್ಲರೂ ಹೊಸ ಬಟ್ಟೆ ಹಾಕಿ ಬಂದು ನಿಂತ ಮೇಲೆ ಕೌಂಟರ್ ನೋಡಿದೆ. 35. ರೀಲು ಮೂವತ್ತಾರರದು. ಉಳಿದದ್ದು ಒಂದೇ ಫೋಟೋ. ಯಾರಿಗೂ ಹೇಳಲಿಲ್ಲ.

ಅಕ್ಕನಿಗೆ ನಡುವೆ ಕುರ್ಚಿ ಹಾಕಿಸಿದ್ದೆ. ಒಲ್ಲೆ ಎಂದು ಸೀದಾ ತುದಿಗೆ ಹೋದಳು. "ಆವತ್ತು ನಿಂತಿದ್ದು ಇಲ್ಲೇ. ಇಲ್ಲೇ ನಿಂತು ಫೋಟೋದಾಗ ಬರ್ತೀನಿ." ತನಗೂ ಗುರುಶಾಂತಮ್ಮನಿಗೂ ನಡುವೆ ನನಗೆ ಜಾಗ ಬಿಡಿಸಿದಳು. ಕಡ್ಡಿ ತಿರುಗಿಸಿದೆ, ಒತ್ತಿದೆ, ಓಡಿದೆ. ತುದಿಯ ಕಡೆಯಿಂದ ಸುತ್ತಿ ಬರುವಾಗ ಜೋಕಾಲಿಯ ಹಗ್ಗ ಕಾಲಿಗೆ ಸಿಕ್ಕಿತು. ಟಪ್ ಅಂದಾಗ ಎಲ್ಲಿದ್ದೆನೋ ದೇವರಿಗೇ ಗೊತ್ತು.

ಇನ್ನೊಂದು ತೆಗಿ ಎಂದರು ಎಲ್ಲರೂ. ನಿಜ ಹೇಳಬೇಕಾಯಿತು. ಗುರುಶಾಂತಮ್ಮ ತನ್ನ ಎರಡು ಸಿಟ್ಟಿನ ಫೋಟೋವನ್ನು ಬೆರಳಲ್ಲಿ ಎಣಿಸಿ ತೋರಿಸಿದಳು. ಅಕ್ಕ ಉಂಡಿ ಕೊಟ್ಟಳು. ಈ ಸಲವೂ ಅವಳು ಫೋಟೋದಲ್ಲಿ ಬಂದಿರದಿದ್ದರೆ... ಅದನ್ನು ಬರೆಯುವುದಿಲ್ಲ.

ಆಗಸ್ಟ್ 18, ಸೋಮವಾರ, ಆಲೂರು, ಮಧ್ಯಾಹ್ನ 3

ತೊಳೆಯಲು ಹೈದರಾಬಾದಿಗೆ ಕಳಿಸಿದ್ದ ರೀಲಿನ ಫೋಟೋ ಬೆಳಿಗ್ಗೆ ಕೊರಿಯರಿನಲ್ಲಿ ಬಂತು. ನರಸಣ್ಣನ ಮನೆಯಲ್ಲೇ ಬಿಚ್ಚಿದೆವು. ಅಕ್ಕ ಬಂದಿದ್ದಾಳೆ. ಪೂರ್ತಿ. ಸೆರಗು, ಬಳೆ, ಚಪ್ಪಲಿ ಸಮೇತ. ಒಂಚೂರು ಅಗಲವಾಗಿಯೇ ಬಂದಿದ್ದಾಳೆ. ಗೀರು ಎಲ್ಲೂ ಇಲ್ಲ.

ನಾನೂ ಇಲ್ಲ. ಅಕ್ಕನ ಆಚೆ, ಫೋಟೋದ ಅಂಚಿನಲ್ಲಿ, ವಾಚು ಕಟ್ಟಿದ ಒಂದು ಕೈ. ಅಕ್ಕ ಕ್ಯಾಮೆರಾ ನೋಡುತ್ತಿಲ್ಲ. ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಒಳಗೆ ಎಳೆಯುತ್ತಿದ್ದಾಳೆ, ಬಾಯ್ತುಂಬ ನಗುತ್ತಾ. 24 ಆಗಿದ್ದರೆ ನೀವೂ ಬರುತ್ತಿದ್ದಿರಿ ಎಂದ ನರಸಣ್ಣ.

ಬಸ್ ಹಿಡಿದು ಸೀದಾ ಇಲ್ಲಿಗೆ ಬಂದೆ. ಅಕ್ಕ ಬಾಗಿಲ ಬೆಳಕಿನಲ್ಲಿ ಬಹಳ ಹೊತ್ತು ನೋಡಿದಳು. ನನಗೆ ಒಳಗೊಳಗೇ ಅಂಜಿಕೆ. ಆಮೇಲೆ ಮೆಲ್ಲಗೆ ಅಂದಳು. "ಆವತ್ತು ನನ್ನ ಕೈ ಯಾರೂ ಹಿಡಿದಿರಲಿಲ್ಲೋ ತಮ್ಮಾ. ನಿನ್ನ ಕೈ ನಾ ಹಿಡದೀನಿ ನೋಡು."

ಅರವತ್ತಾರು ವರ್ಷದವನು, ಅತ್ತುಬಿಟ್ಟೆ. ಅಕ್ಕ ಬೈದಳು, ಆಮೇಲೆ ತಾನೂ ಅತ್ತಳು.

ಈಗಲೇ ಗೋಡೆಗೆ ಹಾಕಬೇಕಂತೆ. ಮೊಳೆ ಸಿಕ್ಕಿತು, ಸುತ್ತಿಗೆ ಸಿಕ್ಕಿಲ್ಲ. ಹುಡುಕಲು ಒಳಗೆ ಹೋಗಿದ್ದಾಳೆ, ಅಷ್ಟರಲ್ಲಿ ಇಷ್ಟು ಬರೆದೆ. ಬಂದಳು. ಕೈಯಲ್ಲಿ ಒರಳಿನ ಗುಂಡುಕಲ್ಲು, ತಾನೇ ಸ್ಟೂಲ್ ಹತ್ತುತ್ತಿದ್ದಾಳೆ, ಅಕ್ಕಾ ಇಳಿ ಅಂದರೂ