ಬೇಯದ ಕಾಳು

ದಾಂಡೇಲಿ,
ತಾ. ೨ ಏಪ್ರಿಲ್ ೧೯೪೬

ಹಳಿಯಾಳದ ಶ್ರೀ ಕರಿಬಸಪ್ಪನವರಿಗೆ,

ಚಿಕ್ಕವಳಿದ್ದಾಗ ನಿಮ್ಮನ್ನು ಕಾಕಾ ಎನ್ನುತ್ತಿದ್ದೆ. ಈಗ ಆ ಶಬ್ದ ಬರೆಯಲು ಕೈ ಏಳುವುದಿಲ್ಲ. ಖಾಜಾಸಾಬರ ಮಗಳು ನಸೀರಾಳ ಸಲಾಮು, ಅಷ್ಟೇ.

ನನ್ನ ತಮ್ಮ ಗೌಸನಿಗೆ ನೀವು ಬರೆದ ಕಾಗದವನ್ನು ಅವನು ತಂದು ನನ್ನ ಕೈಗೆ ಕೊಟ್ಟ. ಮೇ ತಿಂಗಳಲ್ಲಿ ಹಿಮಾಲಯದ ಗಢವಾಲದ ಅದೇ ಶಿಖರಕ್ಕೆ ಮತ್ತೆ ಹೊರಟಿದ್ದೀರಂತೆ. ಅಡುಗೆಗೆ ಗೌಸ ಬೇಕಂತೆ. ಹಳೆಯದನ್ನು ಮರೆತುಬಿಡೋಣ ಎಂದೂ ಬರೆದಿದ್ದೀರಿ. ಮರೆಯುವುದು ನಿಮಗೆ ಸುಲಭ. ಕಾಲಿನ ಬೆರಳು ಕಳೆದುಕೊಂಡವರು ನೀವಲ್ಲ.

ಕುಳಗಿಯಲ್ಲಿ ಮರ ಕಡಿಸುವ ನಿಮ್ಮ ನಾಟಾ ಕ್ಯಾಂಪಿನಲ್ಲಿ ಅಬ್ಬಾ ಅಡುಗೆಯವರಾಗಿದ್ದರು. ಊರಲ್ಲಿ ನಮ್ಮ ಮನೆಯ ನೀರನ್ನೂ ಮುಟ್ಟದ ನೀವು ಕಾಡಿನಲ್ಲಿ ಅವರ ಕೈಯ ಕಡಲೆ ಸಾರನ್ನು ಬೆರಳು ನೆಕ್ಕಿ ಉಣ್ಣುತ್ತಿದ್ದಿರಿ. ಆ ರುಚಿಗಾಗಿಯೇ ೧೯೩೭ರಲ್ಲಿ ಅವರನ್ನು ಹಿಮಾಲಯಕ್ಕೆ ಕರೆದೊಯ್ದಿರಿ. ಹದಿನಾರು ಸಾವಿರ ಅಡಿಯ ಮೇಲಿನ ಡೇರೆಯಲ್ಲಿ ಮೂರು ದಿನ ಸ್ಟೋವ್ ಉರಿಸಿದರೂ ಕಡಲೆ ಮೆತ್ತಗಾಗಲಿಲ್ಲ. ಸೀಮೆಎಣ್ಣೆ ತೀರಿತು. ಅರೆಬೆಂದದ್ದನ್ನು ತಿಂದು ಎಲ್ಲರ ಹೊಟ್ಟೆ ಕೆಟ್ಟಿತು.

"ಧಣ್ಯಾರ, ನೀರು ಕುದಿಯಾಕತ್ತಾವ್ರಿ, ಕಾಳು ಬೇಯವಲ್ಲವು. ನಾ ಏನ ಮಾಡ್ಲಿ?" ಎಂದು ಅಬ್ಬಾ ಕೇಳಿದರಂತೆ.

"ಚಲೋ ಕಾಳು ಮಾರ್ಕೊಂಡು ಹುಳಕು ತಂದೀಯಲೇ, ಕಳ್ಳಾ" ಎಂದಿರಿ ನೀವು.

ಮರುದಿನ ಅವರೊಬ್ಬರನ್ನೇ ಹಿಮದಲ್ಲಿ ಕೆಳಗೆ ಕಳಿಸಿದಿರಿ. ಎಡಗಾಲಿನ ಮೂರು ಬೆರಳು ಅಲ್ಲೇ ಹೋದವು. ನೀವು ಊರಿಗೆ ಬಂದು, ಅಡುಗೆಯವನ ಮೋಸದಿಂದ ಶಿಖರ ಕೈತಪ್ಪಿತೆಂದು ಪತ್ರಿಕೆಗೆ ಬರೆದಿರಿ. ಆ ಪತ್ರಿಕೆಯ ತುಂಡು ನನ್ನ ಟ್ರಂಕಿನಲ್ಲಿದೆ.

ಆಮೇಲೆ ಮುಂಡಗೋಡದಿಂದ ಕ್ಯಾಸಲ್‌ರಾಕಿನವರೆಗೆ ಯಾವ ಮದುವೆಗೂ ಅವರನ್ನು ಅಡುಗೆಗೆ ಕರೆಯಲಿಲ್ಲ. ಅವರು ಮನೆಯಲ್ಲಿ ದಿನವೂ ಒಂದು ಹಿಡಿ ಕಡಲೆ ಬೇಯಿಸುತ್ತಿದ್ದರು. ಒಮ್ಮೆ ನೆನೆಸಿ, ಒಮ್ಮೆ ನೆನೆಸದೆ, ಒಮ್ಮೆ ಸೋಡಾ ಹಾಕಿ. ಪ್ರತಿಸಲವೂ ಬೆಂದವು. ಒಂದು ಕಾಳನ್ನು ಬೆರಳಲ್ಲಿ ಹಿಸುಕಿ, "ಇಲ್ಲಿ ಬೇಯ್ತಾವ. ಅಲ್ಲಿ ನಾ ಎಲ್ಲಿ ತಪ್ಪಿದೆ?" ಎನ್ನುತ್ತಿದ್ದರು. ಏಳು ವರ್ಷ ಅದನ್ನೇ ಕೇಳಿಕೊಂಡು ತೀರಿಹೋದರು.

ಹೋದ ವರ್ಷ ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಹೋದಾಗ ವಿಜ್ಞಾನದ ಪುಸ್ತಕವೊಂದರಲ್ಲಿ ನನಗೆ ಉತ್ತರ ಸಿಕ್ಕಿತು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ನೀರು ಬೇಗ ಕುದಿಯುತ್ತದೆ, ಆದರೆ ಆ ಕುದಿಯಲ್ಲಿ ಕಾಳು ಬೇಯುವಷ್ಟು ಬಿಸಿ ಇರುವುದಿಲ್ಲ. ನಾಲ್ಕು ಸಾಲು. ಅಬ್ಬಾನ ಏಳು ವರ್ಷಕ್ಕೆ ನಾಲ್ಕು ಸಾಲು. ಆಗಲೂ, ನಿಮಗೂ ಗೊತ್ತಿರಲಿಕ್ಕಿಲ್ಲ ಎಂದುಕೊಂಡೆ.

ಈಗ ಕಾಗದದ ಜೊತೆ ನಿಮ್ಮ ಸಾಮಾನಿನ ಪಟ್ಟಿಯೂ ಬಂದಿದೆ. ಹನ್ನೊಂದು ಜನ, ಇಪ್ಪತ್ತೈದು ದಿನ. ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಉತ್ತತ್ತಿ. ಕಡಲೆ ಇಲ್ಲ, ತೊಗರಿ ಇಲ್ಲ. ಕೆಳಗೆ ನಿಮ್ಮದೇ ಅಕ್ಷರ: ಮೇಲೆ ಕಾಳು ಬೇಯುವುದಿಲ್ಲ, ಒಯ್ಯಬಾರದು.

ಇದು ಎಂದು ತಿಳಿಯಿತೆಂದು ನಾನು ಕೇಳುವುದಿಲ್ಲ. ತಿಳಿದ ದಿನ ದಾಂಡೇಲಿಗೆ ಬಂದು ಒಂದು ಮಾತು ಹೇಳಿದ್ದರೆ ಅಬ್ಬಾ ಒಲೆ ಆರಿಸಿ ಮಲಗುತ್ತಿದ್ದರು.

ಗೌಸ ನಿಮ್ಮ ಜೊತೆ ಬರುವುದಿಲ್ಲ. ಪುಣೆಯ ತಂಡವೊಂದರ ಜೊತೆ ಅದೇ ಶಿಖರಕ್ಕೆ ನಿಮಗಿಂತ ಹತ್ತು ದಿನ ಮೊದಲೇ ಹೊರಡುತ್ತಾನೆ. ಮೆಕ್ಯಾನಿಕನಲ್ಲವೇ, ಆವಿ ಹೊರಬಾರದಂತೆ ಮುಚ್ಚಳಕ್ಕೆ ತಿರುಪು ಬಿಗಿಯುವ ಪಾತ್ರೆಯೊಂದನ್ನು ತಾನೇ ಮಾಡಿಕೊಂಡಿದ್ದಾನೆ. ನೀವು ತಣ್ಣನೆಯ ಹಿಟ್ಟು ನುಂಗುತ್ತ ಏರುವಾಗ ಮೇಲಿನ ಡೇರೆಯಿಂದ ಖಾಜಾಸಾಬರ ಕಡಲೆ ಸಾರಿನ ವಾಸನೆ ಬಂದೀತು.

ಈ ತಿಂಗಳ ಇಪ್ಪತ್ತನೆಯ ತಾರೀಖು ಹಳಿಯಾಳದಲ್ಲಿ ನಿಮ್ಮನ್ನು ಬೀಳ್ಕೊಡುವ ಸಭೆಗೆ ನಾನೂ ಬರುತ್ತೇನೆ. ನಿಮಗೆ ಹಾರ ಬೀಳುವ ಮೊದಲೇ ಎದ್ದು ಪತ್ರಿಕೆಯ ತುಂಡು, ಪುಸ್ತಕದ ಆ ಪುಟ, ನಿಮ್ಮ ಪಟ್ಟಿ ಮೂರನ್ನೂ ಓದುತ್ತೇನೆ. ತಡೆಯುವುದಾದರೆ ತಡೆಯಿರಿ.

ನಿಮ್ಮ ಅಡುಗೆಯವರ ಮಗಳು,
ನಸೀರಾ

ತಾ.ಕ.: ನಿಮ್ಮ ಬರಹ ಅಚ್ಚಾದಾಗ ನನಗೆ ಹದಿನಾಲ್ಕು. ಶಾಲೆಯಿಂದ ಬಂದವಳೇ ನೆರೆಯವರೆದುರು, "ಅಬ್ಬಾ, ಕಾಳು ಮಾರ್ಕೊಂಡ್ರೇನು?" ಎಂದು ಕೇಳಿಬಿಟ್ಟೆ. ಅವರು ಒಳಗೆ ಹೋಗಿ ಒಲೆ ಹಚ್ಚಿ ಒಂದು ಹಿಡಿ ಕಡಲೆ ಬೇಯಲು ಇಟ್ಟರು. ಮೊದಲ ಹಿಡಿ ಅದೇ.