ಪಕ್ಕದಲ್ಲಿ ಯಾರಿದ್ದಾರೆ?

ಸೂಲೂರು,
12 ಜೂನ್ 2025

ಪ್ರೀತಿಯ ಮಧ್ವೇಶಣ್ಣನಿಗೆ,

ತಂಗಿ ಶ್ರೀಜಾಳ ನಮಸ್ಕಾರ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಜಾಸ್ಮಿನ್ ಅತ್ತಿಗೆ ಚೆನ್ನಾಗಿದ್ದಾರಾ? ರೈಲ್ವೆ ವರ್ಕ್‌ಶಾಪಿನಲ್ಲಿ ದಿನವಿಡೀ ಬೆನ್ನು ಬಗ್ಗಿಸುತ್ತೀಯ, ಹಟ ಮಾತ್ರ ಬಗ್ಗುವುದಿಲ್ಲ ನಿನ್ನದು. ಫೋನ್ ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಈ ತಮಿಳು ಊರಿನಲ್ಲಿ ಅಪ್ಪ ಹೊಡೆದು ಕಲಿಸಿದ ಕನ್ನಡ ಅಕ್ಷರಗಳನ್ನು ಇವತ್ತು ಹೊರಗೆ ತೆಗೆದಿದ್ದೇನೆ, ತಪ್ಪಿದ್ದರೆ ನಗಬೇಡ. ಬಸ್ಸು ಹತ್ತಿದರೆ ಗಂಟೆಯೊಳಗೆ ಸಿಗುವ ನಿನ್ನ ಪೋತ್ತನೂರಿಗೆ ಅಂಚೆಚೀಟಿ ಅಂಟಿಸುತ್ತಿದ್ದೇನಲ್ಲ, ನೆನೆದರೆ ಹೊಟ್ಟೆ ಉರಿಯುತ್ತದೆ.

ನನ್ನ ಕೆಲಸ ಗೊತ್ತಲ್ಲ, ಕೊಯಮತ್ತೂರಿನ ಹಣಕಾಸು ಸಲಹೆಯ ಆಫೀಸಿನಲ್ಲಿ ಗ್ರಾಹಕರನ್ನು ನೋಡಿಕೊಳ್ಳುವುದು. ಈಗ ವಯಸ್ಸಾದವರ ಮನೆಗೆ ಹೋಗಿ ವಿಡಿಯೊ ಕಾಲಿನಲ್ಲಿ ಅವರ ಗುರುತು ಖಚಿತಪಡಿಸುವ ಕೆಲಸವೇ ಹೆಚ್ಚು. ಕಣ್ಣು ಮಿಟುಕಿಸಿ ಅಮ್ಮಾ, ಕಾರ್ಡ್ ತೋರಿಸಿ ಅಮ್ಮಾ, ಎಂದು ಹೇಳಿಕೊಟ್ಟು ದೂರ ನಿಲ್ಲುತ್ತೇನೆ. ಆ ಕಡೆಯ ಅಧಿಕಾರಿ ಪ್ರಶ್ನೆ ಕೇಳುವಾಗ ಯಾರೂ ಉತ್ತರ ಹೇಳಿಕೊಡಬಾರದು, ಅದು ನಿಯಮ. ಗೋವಿಂದಸಾಮಿ ಎಂಬ ತಾತ ಹೆಂಡತಿಯ ಕಡೆ ಕಣ್ಣು ಹೊರಳಿಸಿ ಸಿಕ್ಕಿಬಿದ್ದಾಗ ಆಫೀಸಿನಲ್ಲಿ ಎಷ್ಟು ನಕ್ಕಿದ್ದೆವು!

ಕಳೆದ ವಾರ ನಮ್ಮ ಅಮ್ಮನ ಸರದಿ ಬಂತು, ಅಪ್ಪ ಅವಳ ಹೆಸರಲ್ಲಿ ಹಾಕಿಟ್ಟ ಮ್ಯೂಚುಯಲ್ ಫಂಡಿಗಾಗಿ. ರೇಷ್ಮೆ ಸೀರೆ ಉಟ್ಟು ಕೂತಳು. ಮರೆವು ಇತ್ತು, ನಿಜ. ಒಲೆ ಆರಿಸಲು ಮರೆಯುತ್ತಿದ್ದಳು, ಕನ್ನಡಕ ಹುಡುಕುತ್ತಿದ್ದಳು, ಅಷ್ಟೇ ಅಂದುಕೊಂಡಿದ್ದೆ. ಅಧಿಕಾರಿ ತಮಿಳಿನಲ್ಲಿ "ಪಕ್ಕತ್ತಿಲ ಯಾರು ಇರುಕ್ಕಾಂಗಮ್ಮಾ?" ಎಂದ. ಪಕ್ಕದಲ್ಲಿ ಯಾರಿದ್ದಾರೆ ಎಂದು ಎಲ್ಲರನ್ನೂ ಕೇಳುವುದೇ. ಅಮ್ಮ ನನ್ನ ಮುಖವನ್ನೇ ನೋಡಿ, ಕನ್ನಡದಲ್ಲಿ, "ಆಫೀಸಿಂದ ಬಂದಿರೋ ಪೊಣ್ಣು. ಪಾಪ, ಒಳ್ಳೆ ಹುಡುಗಿ" ಎಂದಳು. ನಾನು ನಿನ್ನ ಮಗಳಮ್ಮಾ ಎಂದರೆ ಹೇಳಿಕೊಟ್ಟ ಹಾಗಾಗುತ್ತದೆ. ನಿಯಮದಂತೆ ಇನ್ನೊಂದು ಹೆಜ್ಜೆ ದೂರ ಸರಿದೆ ಅಣ್ಣಾ. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಅಧಿಕಾರಿ ಕೇಳಿದಾಗ ಅಮ್ಮ ತಡವರಿಸಲೇ ಇಲ್ಲ. "ಮಗ ಇದಾನೆ, ಮಧ್ವೇಶ್. ಈಗ ಬಂದ್ಬಿಡ್ತಾನೆ." ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ ನೆಂಟರಿಗೆಂದು ಎತ್ತಿಟ್ಟ ಲೋಟದಲ್ಲಿ ನನಗೆ ಕಾಫಿ ಕೊಟ್ಟಳು. ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಡಾಕ್ಟರಿಗೂ ತೋರಿಸಿದೆ. ಇದು ವಾಸಿಯಾಗುವುದಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದರು.

ನೀನು ಅತ್ತಿಗೆಯನ್ನು ಮದುವೆಯಾಗಿ ಕರೆತಂದು ಜಾಸ್ಮಿನ್ ಎಂದು ಹೆಸರು ಹೇಳಿದ ದಿನ ಅಮ್ಮ ಹೊಸಿಲಲ್ಲಿ ನಿಂತು, "ಆ ಹೆಸರು ಈ ಮನೇಲಿ ಕೇಳಬಾರದು" ಎಂದದ್ದನ್ನು ನಾನೂ ಮರೆತಿಲ್ಲ. ನೀನು ಮತ್ತೆ ಈ ಕಡೆ ತಲೆ ಹಾಕದೆ ಇದ್ದದ್ದರಲ್ಲೂ ತಪ್ಪಿಲ್ಲ. ಬಾ ಎನ್ನಲು ನನಗೆ ಬಾಯಿಲ್ಲ. ವಿಷಯ ತಿಳಿದಿರಲಿ ಎಂದು ಬರೆದೆ.

ಬಿಸಿಲಲ್ಲಿ ಅಲೆಯಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ ತಂಗಿ,
ಶ್ರೀಜಾ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಅಮ್ಮ ಬಂದು, ಇನ್ನೂ ಇಬ್ಬರಿಗೆ ಅಕ್ಕಿ ಹಾಕು ಎಂದಳು. ಯಾರಿಗಮ್ಮಾ ಎಂದೆ. ನಿನ್ನ ಹೆಸರಿಗಾಗಿ ತುಂಬ ಹೊತ್ತು ತಡಕಾಡಿದಳು, ಸಿಗಲಿಲ್ಲ. ಕೊನೆಗೆ, "ಅವನೇ ಕಣೇ, ನಮ್ಮ ಜಾಸ್ಮಿನ್ ಗಂಡ" ಎಂದಳು. ಅಣ್ಣಾ, ಈ ಭಾನುವಾರವೇ ಬಾ, ಇಬ್ಬರೂ ಬನ್ನಿ. ಬಾಗಿಲಲ್ಲಿ ನೀನು ಯಾರು ಎಂದು ಅಮ್ಮ ಕೇಳಿದರೆ, ಮೊದಲು ಅತ್ತಿಗೆಯ ಹೆಸರು ಹೇಳು.